ಕೋಚ್ ನಿಲ್ಲಲಿಲ್ಲವೋ, ಕ್ಲಬ್ ನಿಲ್ಲಲಿಲ್ಲವೋ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಫುಟ್‌ಬಾಲ್ ಆಡುವವರಿಗಿಂತ ನೋಡುವವರು ಹೆಚ್ಚು, ನೋಡುವವರಿಗಿಂತ ತೀರ್ಪು ಕೊಡುವವರು ಹೆಚ್ಚು. ಆ ತೀರ್ಪುಗಳಲ್ಲಿ ಒಂದಂತೂ ಯಾವಾಗ ಕೇಳಿದರೂ ಸಿದ್ಧ: "ಅವ ಎಲ್ಲೂ ನಿಲ್ಲೋನಲ್ಲ ಮಾರಾಯ." ಆಟಗಾರನಾಗಿ ಹೆಸರು ಮಾಡಿ, ಆಮೇಲೆ ಕೋಚ್ ಆಗಿ ಐದಾರು ಕ್ಲಬ್ ತಿರುಗಿದವನ ಇಡೀ ಬದುಕಿನ ಮೇಲೆ ಈ ಒಂದು ಮಾತನ್ನು ಎಳೆದು ಮುಚ್ಚಿಬಿಡುತ್ತಾರೆ. ಕ್ರೀಡಾಪುಟಗಳೂ ಟೀವಿ ಪಂಡಿತರೂ ಹೇಳುವುದು ಇದನ್ನೇ, ಇಸ್ತ್ರಿ ಹಾಕಿದ ಭಾಷೆಯಲ್ಲಿ: ಸ್ಥಿರತೆ ಇಲ್ಲ, ನಿಷ್ಠೆ ಇಲ್ಲ, ದೂರದೃಷ್ಟಿ ಇಲ್ಲ. ಒಂದು ಕಡೆ ನೆಲೆ ನಿಂತವನು ದೊಡ್ಡವನು, ಊರೂರು ತಿರುಗಿದವನು ಸೋತವನು. ಈ ಅಭಿಪ್ರಾಯ ತಪ್ಪು. ಅದರಲ್ಲಿ ಅನ್ಯಾಯವೂ ಇದೆ, ಆ ಅನ್ಯಾಯದಿಂದ ಲಾಭ ಮಾಡಿಕೊಂಡವರೂ ಇದ್ದಾರೆ.

ನಮ್ಮ ರಾಜ್ಯದವರೇ ಒಬ್ಬರನ್ನು ಎದುರಿಗೆ ಇಟ್ಟುಕೊಂಡು ಮಾತಾಡೋಣ. ಕಾರ್ಲ್‌ಟನ್ ಚಾಪ್‌ಮನ್ ಬೆಂಗಳೂರಿನವರು, 1971ರ ಏಪ್ರಿಲ್‌ನಲ್ಲಿ ಹುಟ್ಟಿದವರು. ಬೆಂಗಳೂರಿನ ಕ್ರೀಡಾ ವಸತಿ ನಿಲಯದಲ್ಲಿ ಪಳಗಿ, ಸದರ್ನ್ ಬ್ಲೂಸ್ ಕ್ಲಬ್ಬಿಗೆ ಆಡಿ, 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಹೊಡೆದಾಗ ಮೂರು ಗೋಲು ಈ ಬೆಂಗಳೂರು ಹುಡುಗನದು. ಮಿಡ್‌ಫೀಲ್ಡಿನಲ್ಲಿ ನಿಂತು ಆಟದ ಲಯ ಕಟ್ಟುವವನಿಗೆ ಹ್ಯಾಟ್ರಿಕ್ ಸಿಗುವುದು ದಿನಾ ಆಗುವ ಮಾತಲ್ಲ. 1995ರಲ್ಲಿ ಪಂಜಾಬಿನ ಫಗ್ವಾರದ ಜೆಸಿಟಿ, ಅಲ್ಲಿ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜತೆಗೆ ಆಡಿ 1996-97ರ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದರು. ಆಮೇಲೆ ಒಂದು ವರ್ಷ ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. 2000-01ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಎತ್ತಿತು. ಭಾರತ ತಂಡದ ನಾಯಕರೂ ಆಗಿದ್ದರು. 2001ರಲ್ಲಿ ಬೂಟು ಕಳಚಿದರು.

ಇಲ್ಲಿಯವರೆಗೆ ಯಾರದೂ ತಕರಾರಿಲ್ಲ. ತಕರಾರು ಶುರುವಾಗುವುದು ಇನ್ನುಳಿದ ಬದುಕಿಗೆ. 2002ರಿಂದ ಟಾಟಾ ಅಕಾಡೆಮಿಯಲ್ಲಿ ಕೋಚ್. 2008ರಿಂದ ಮೂರು ವರ್ಷ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ. ಆಮೇಲೆ ಕೋಲ್ಕತ್ತದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವ, ಕೊನೆಗೆ ಕೋಯಿಕ್ಕೋಡಿನ ಕ್ವಾರ್ಟ್ಜ್. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 49 ವರ್ಷ. ಮರುದಿನ ಓದಿದ್ದರಲ್ಲಿ ಆಟಗಾರನಿಗೆ ಪ್ಯಾರಾಗಳು, ಕೋಚ್‌ಗೆ ಒಂದೋ ಎರಡೋ ಸಾಲು. ಹದಿನೆಂಟು ವರ್ಷದ ದುಡಿಮೆ ಕ್ಲಬ್ಬುಗಳ ಒಂದು ಪಟ್ಟಿಯಾಗಿ ಹೋಗಿತ್ತು. ಆ ಪಟ್ಟಿ ಉದ್ದವಾಗಿರುವುದೇ ಸೋಲಿನ ಪುರಾವೆ ಎಂಬಂತೆ ಓದುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ.

ಸರಿ, ಪಟ್ಟಿಯನ್ನೇ ಓದೋಣ. ಆದರೆ ಈ ಸಲ ಕ್ಲಬ್ಬುಗಳ ಕಡೆಯಿಂದ ಓದೋಣ.

ಜೆಸಿಟಿ ಎಲ್ಲಿದೆ? 2011ರಲ್ಲಿ ಬಾಗಿಲು ಹಾಕಿತು. ದೇಶದ ಮೊದಲ ಲೀಗ್ ಚಾಂಪಿಯನ್ ಈಗ ಇಲ್ಲ. ಎಫ್‌ಸಿ ಕೊಚ್ಚಿನ್ 1997ರಲ್ಲಿ ದೇಶದ ಮೊದಲ ಪೂರ್ಣ ವೃತ್ತಿಪರ ಕ್ಲಬ್ ಎಂದು ಎದೆ ತಟ್ಟಿಕೊಂಡು ಹುಟ್ಟಿತು, ಹುಟ್ಟಿದ ವರ್ಷವೇ ಡ್ಯುರಾಂಡ್ ಕಪ್ ಗೆದ್ದಿತು, ಐದು ವರ್ಷದಲ್ಲಿ ಆಟಗಾರರ ಸಂಬಳ ಬಾಕಿ ಉಳಿಸಿಕೊಂಡು ಮುಗಿದುಹೋಯಿತು. ರಾಯಲ್ ವಾಹಿಂಗ್‌ಡೋ? ಚಾಪ್‌ಮನ್ ಇದ್ದಾಗ ಅದು ಶಿಲ್ಲಾಂಗಿನ ಸ್ಥಳೀಯ ಮಟ್ಟದಿಂದ ತಲೆ ಎತ್ತುತ್ತಿದ್ದ ತಂಡ. 2014-15ರಲ್ಲಿ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ಗೆ ಬಂದು ಮೊದಲ ಯತ್ನದಲ್ಲೇ ಮೂರನೇ ಸ್ಥಾನ ಪಡೆಯಿತು, ಅದೇ ವರ್ಷ ಲೀಗಿನಿಂದಲೇ ಹಿಂದೆ ಸರಿಯಿತು. ದೇಶದ ಫುಟ್‌ಬಾಲ್ ಎತ್ತ ಹೋಗುತ್ತಿದೆ ಎಂಬುದೇ ತಿಳಿಯದೆ ಹಣ ಸುರಿಯಲು ಅದರ ಮಾಲೀಕರಿಗೆ ಧೈರ್ಯ ಸಾಲಲಿಲ್ಲ. ಚಾಪ್‌ಮನ್ ಆಡಿದ ಅಥವಾ ಕಲಿಸಿದ ನೆಲದಲ್ಲಿ ಮೂರು ಕಡೆ ಹೀಗೆ ಕಾಲಡಿಯ ಮಣ್ಣೇ ಕುಸಿದಿದೆ. ಅವರ ಪಟ್ಟಿಯ ಹೊರಗೂ ಕಥೆ ಇದೇ. ಮಹೀಂದ್ರ ಯುನೈಟೆಡ್ 2010ರಲ್ಲಿ ಹೋಯಿತು. ಆಮೇಲೆ ಪುಣೆ ಎಫ್‌ಸಿ, ಡಿಎಸ್‌ಕೆ ಶಿವಾಜಿಯನ್ಸ್. ಬೆಂಗಳೂರಿನವರೇ ಆದ ಷಣ್ಮುಗಂ ವೆಂಕಟೇಶ್ ಕೋಚ್ ಆಗಿದ್ದ ಇಂಡಿಯನ್ ಆರೋಸ್ ತಂಡವನ್ನು 2022ರಲ್ಲಿ ದೇಶದ ಫುಟ್‌ಬಾಲ್ ಫೆಡರೇಶನ್ ತಾನೇ ನಿಲ್ಲಿಸಿತು.

ಕ್ಲಬ್ಬುಗಳು ಸತ್ತದ್ದಷ್ಟೇ ಆಗಿದ್ದರೆ ದುರದೃಷ್ಟ ಎನ್ನಬಹುದಿತ್ತು. ಬದುಕಿರುವವೂ ಊರು ಬಿಟ್ಟು ಊರು ಹೋಗುತ್ತವೆ. ದೆಹಲಿ ಡೈನಮೋಸ್ 2019ರಲ್ಲಿ ಗಂಟುಮೂಟೆ ಕಟ್ಟಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಪುಣೆ ಸಿಟಿ ಮುಗಿದು, ಅದರ ಜಾಗದಲ್ಲಿ ಹೈದರಾಬಾದ್ ಎಫ್‌ಸಿ ಬಂತು. ಹೈದರಾಬಾದ್ 2021-22ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದು, ಸಾಲದಲ್ಲಿ ಮುಳುಗಿ, 2025ರಲ್ಲಿ ದೆಹಲಿಗೆ ಹೋಗಿ ಹೆಸರು ಬದಲಿಸಿಕೊಂಡಿತು. ಅಂದು ಹಳದಿ ಅಂಗಿ ತೊಟ್ಟು ಕುಣಿದ ಹೈದರಾಬಾದಿನ ಹುಡುಗ ಈಗ ಯಾರಿಗೆ ಚಪ್ಪಾಳೆ ಹೊಡೆಯಬೇಕು? ಇಷ್ಟಾದರೂ ಯಾವ ಹೋಟೆಲಿನ ಬೆಂಚಿನ ಮೇಲೂ "ಆ ಕ್ಲಬ್ ಎಲ್ಲೂ ನಿಲ್ಲೋದಲ್ಲ ಮಾರಾಯ" ಎಂಬ ಮಾತು ನನ್ನ ಕಿವಿಗೆ ಬಿದ್ದಿಲ್ಲ. ಮಾಲೀಕ ಊರು ಬದಲಿಸಿದರೆ ವ್ಯವಹಾರ, ಕೋಚ್ ಬದಲಿಸಿದರೆ ಚಪಲ.

ಇಲ್ಲಿ ಎದುರಾಳಿಗಳು ಅಲೆಕ್ಸ್ ಫರ್ಗುಸನ್ ಹೆಸರು ತೆಗೆಯುತ್ತಾರೆ. ಈ ವಾದದಲ್ಲಿ ಆ ಹೆಸರು ಬಾರದೆ ಇದ್ದ ದಿನವೇ ಇಲ್ಲ. 1986ರಿಂದ 2013ರವರೆಗೆ ಒಂದೇ ಕ್ಲಬ್, ನೋಡಿ, ನಿಲ್ಲುವುದೆಂದರೆ ಹೀಗೆ! ನೋಡೋಣ. ಮ್ಯಾಂಚೆಸ್ಟರ್‌ಗೆ ಬರುವ ಮೊದಲು ಇದೇ ಫರ್ಗುಸನ್ ಸ್ಕಾಟ್ಲೆಂಡಿನ ಮೂರು ಕ್ಲಬ್ ತಿರುಗಿದ್ದರು. ಅವುಗಳಲ್ಲಿ ಸೇಂಟ್ ಮಿರೆನ್ 1978ರಲ್ಲಿ ಅವರನ್ನು ಕೆಲಸದಿಂದಲೇ ತೆಗೆದಿತ್ತು. ಮ್ಯಾಂಚೆಸ್ಟರ್‌ನಲ್ಲಿ ಮೊದಲ ಕಪ್ ಕೈಗೆ ಬಂದದ್ದು 1990ರಲ್ಲಿ. ಅಲ್ಲಿಯತನಕ ಮೂರೂವರೆ ವರ್ಷ ಅವರನ್ನು ಉಳಿಸಿಕೊಂಡದ್ದು ಯಾರು? ಕ್ಲಬ್ಬಿನ ಆಡಳಿತ ಮಂಡಳಿ. ನಿಂತವನ ಗುಣ ಎಂದು ನಾವು ಕೊಂಡಾಡುವುದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಲ್ಲಿಸಿಕೊಂಡವರ ತಾಳ್ಮೆ. ನಮ್ಮ ದೇಶದಲ್ಲೂ ಒಂದು ಕಾಲದಲ್ಲಿ ಅಂಥ ಆಸರೆ ಇತ್ತು, ಬೇರೆ ರೂಪದಲ್ಲಿ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಹದಿಮೂರು ವರ್ಷ ನಿಂತು ಕಲಿಸಲು ಆದದ್ದು ಅವರ ಬೆನ್ನಿಗೆ ಪೊಲೀಸ್ ಇಲಾಖೆಯ ತಂಡ ಇದ್ದದ್ದರಿಂದ. ಬೆಂಗಳೂರಿನಲ್ಲಿ ಐಟಿಐ, ಎಚ್ಎಎಲ್‌ನಂಥ ಕಾರ್ಖಾನೆಗಳ ತಂಡಗಳಿದ್ದಾಗ ಆಟ ಮುಗಿದವನಿಗೂ ತಿಂಗಳ ಕೊನೆಗೆ ಸಂಬಳ ಬರುತ್ತಿತ್ತು, ಸಂಜೆ ಹುಡುಗರಿಗೆ ಕಲಿಸಲು ಪುರುಸೊತ್ತೂ ಇರುತ್ತಿತ್ತು. ಆ ತಂಡಗಳು ಸೊರಗಿದವು. ಅವುಗಳ ಜಾಗಕ್ಕೆ ಬಂದದ್ದು ವರ್ಷದ ಕರಾರು. ಆಸರೆಯನ್ನು ಕಿತ್ತುಕೊಂಡು, ಆಮೇಲೆ ಆಸರೆ ಇಲ್ಲದವನ ಚಂಚಲ ಬುದ್ಧಿಯ ಬಗ್ಗೆ ಪ್ರವಚನ ಮಾಡುವುದು ಯಾವ ನ್ಯಾಯ?

ಇದೇ ಮಾತು ನಮ್ಮ ಮೂರು ತಾಲ್ಲೂಕುಗಳಲ್ಲಿ ಕೇಳಿಬಂದಾಗ ನನಗೆ ಸಿಟ್ಟಿಗಿಂತ ಹೆಚ್ಚು ಸೋಜಿಗ. ತಿರುಗುವವರನ್ನು ಕಂಡರೆ ಕೈ ಮುಗಿಯುವ ಸೀಮೆ ಇದು. ಮಳೆ ಹಿಂದೆ ಸರಿದು ಗದ್ದೆ ಒಣಗುವ ಹೊತ್ತಿಗೆ ಯಕ್ಷಗಾನ ಮೇಳಗಳು ಹೊರಡುತ್ತವೆ. ಮತ್ತೆ ಮಳೆ ಹಿಡಿಯುವವರೆಗೆ ರಾತ್ರಿಗೊಂದು ಊರು. "ಈ ವರ್ಷ ಅವರದ್ದು ಯಾವ ಮೇಳದ ತಿರುಗಾಟ?" ಎಂದು ಭಾಗವತರ ಬಗ್ಗೆ, ವೇಷಧಾರಿಗಳ ಬಗ್ಗೆ ಎಷ್ಟು ಆಸ್ಥೆಯಿಂದ ಕೇಳುತ್ತೇವೆ! ಹೋದ ವರ್ಷ ಆ ಮೇಳ, ಈ ವರ್ಷ ಈ ಮೇಳ ಎಂದರೆ ಯಾರೂ ಮೂಗು ಮುರಿಯುವುದಿಲ್ಲ. ಹೊಸ ಭಾಗವತರು ಬಂದ ಮೇಲೆ ಮೇಳದ ನಡೆ ಹೇಗಾಗಿದೆ ನೋಡೋಣ ಎಂದು ಚಳಿಯಲ್ಲಿ ಶಾಲು ಹೊದ್ದು ಹೋಗಿ ಕೂರುತ್ತೇವೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಗೆಜ್ಜೆ ಕಟ್ಟಿದ್ದು ಒಂದೇ ಮೇಳದಲ್ಲಲ್ಲ. ಅದಕ್ಕಾಗಿ ಅವರನ್ನು ಸೋತವರೆಂದವರುಂಟೆ? 2012ರಲ್ಲಿ ಪದ್ಮಶ್ರೀ ಬಂದಾಗ ಮಲೆನಾಡೂ ಕರಾವಳಿಯೂ ಸೇರಿ ಸಂಭ್ರಮಿಸಿದವು. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ 1985ರಿಂದ ನೀನಾಸಮ್ ತಿರುಗಾಟ ನಡೆದಿದೆ. ನಟರು ಬರುತ್ತಾರೆ, ನಾಟಕ ಕಟ್ಟುತ್ತಾರೆ, ರಾಜ್ಯವಿಡೀ ಸುತ್ತುತ್ತಾರೆ, ಮುಂದೆ ಬೇರೆ ಬೇರೆ ತಂಡಗಳಿಗೆ, ಶಾಲೆಗಳಿಗೆ, ಸಿನಿಮಾಕ್ಕೆ ಹೋಗುತ್ತಾರೆ. ಕನ್ನಡ ರಂಗಭೂಮಿ ಊರೂರಿಗೆ ಹಬ್ಬಿದ್ದರಲ್ಲಿ ಅವರ ಕಾಲುಗಳ ಪಾಲಿದೆ ಎಂದು ನಾವೇ ಸೆಮಿನಾರುಗಳಲ್ಲಿ ಹೇಳುತ್ತೇವೆ. ರಂಗಸ್ಥಳದಲ್ಲಿ ಪುಣ್ಯವಾದದ್ದು ಮೈದಾನದಲ್ಲಿ ಪಾಪವಾಗುವುದು ಹೇಗೆ ಎಂದು ಯಾರಾದರೂ ವಿವರಿಸಿದರೆ ಕೇಳಲು ಸಿದ್ಧ.

ಅಳತೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಜವಾದ ಮೋಸ ಇರುವುದು ಅಲ್ಲಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ತಿರುಗಿಬಿದ್ದದ್ದು ಕೊಳಗದ ಮೇಲೆ. ಗೇಣಿ ಭತ್ತ ಅಳೆಯುವ ಕೊಳಗ ಒಡೆಯನದು. ಅದು ಇರಬೇಕಾದ್ದಕ್ಕಿಂತ ದೊಡ್ಡದು. ಪ್ರಶ್ನಿಸಿದವರು ಉಳುತ್ತಿದ್ದ ನೆಲ ಬಿಡಬೇಕಾಯಿತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಬಂಧನವಾಯಿತು. ಮರುವರ್ಷ ಸಾಗರ-ಹೊಸನಗರದ ಮತದಾರರು ಆ ಹೋರಾಟದ ಮುಂಚೂಣಿಯಲ್ಲಿದ್ದ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು, ಮುಂದೆ ತೀರ್ಥಹಳ್ಳಿಯವರೂ ಕಳಿಸಿದರು. ಕೊಳಗ ಯಾರ ಕೈಯಲ್ಲಿದೆ ಎಂದು ಮೊದಲು ನೋಡಬೇಕೆಂಬ ಪಾಠ ಕಲಿತ ಜನ, ಫುಟ್‌ಬಾಲ್ ಕೋಚ್‌ನ ವಿಷಯದಲ್ಲಿ ಮಾತ್ರ ಒಡೆಯನ ಕೊಳಗವನ್ನೇ ಕಣ್ಣಿಗೊತ್ತಿಕೊಂಡು ಅಳೆಯುತ್ತಿದ್ದಾರೆ.

ಆ ಕೊಳಗ ಹೇಗಿದೆ ನೋಡಿ. 2014ರಲ್ಲಿ ಐಎಸ್‌ಎಲ್ ಶುರುವಾದಾಗ ಎಂಟು ತಂಡ, ಎಂಟಕ್ಕೆ ಎಂಟೂ ಕೋಚ್‌ಗಳು ವಿದೇಶಿಯರು. ಚೆನ್ನೈಗೆ ಮಾರ್ಕೊ ಮೆಟರಾಜಿ ಬಂದರು, ವಿಶ್ವಕಪ್ ಗೆದ್ದ ಆಟಗಾರ. ಮುಖ್ಯ ಕೋಚ್ ಆಗಿ ಅವರ ಮೊದಲ ಕೆಲಸವೇ ಅದು. ಕೇರಳಕ್ಕೆ ಇಂಗ್ಲೆಂಡಿನ ಹಳೆಯ ಗೋಲ್‌ಕೀಪರ್ ಡೇವಿಡ್ ಜೇಮ್ಸ್, ಆಡುತ್ತಲೇ ಕೋಚ್. ಚಾಪ್‌ಮನ್ ಆ ಹೊತ್ತಿಗೆ ಹನ್ನೆರಡು ವರ್ಷ ಕಲಿಸಿ ಮಾಗಿದವರು. ಅವರು ಐಎಸ್‌ಎಲ್ ತಂಡವೊಂದರ ಮುಖ್ಯ ಕೋಚ್ ಆಗಲೇ ಇಲ್ಲ. ಮೆಟರಾಜಿ ಮರುವರ್ಷ ಚೆನ್ನೈಗೆ ಕಪ್ ಗೆದ್ದುಕೊಟ್ಟರು, ಅದನ್ನು ಅಲ್ಲಗಳೆಯುವ ಅಗತ್ಯ ನನಗಿಲ್ಲ. ಅನುಭವ ಇಲ್ಲದವನಿಗೂ ಹಣ, ಸಮಯ, ಒಳ್ಳೆಯ ಆಟಗಾರರು ಸಿಕ್ಕರೆ ಗೆಲ್ಲಬಹುದು ಎಂಬುದು ಅದರಿಂದ ಸಾಬೀತಾಗುತ್ತದೆ. ಆ ಮೂರರಲ್ಲಿ ಒಂದೂ ಸಿಗದವನಿಗೆ ಯೋಗ್ಯತೆ ಇರಲಿಲ್ಲ ಎಂಬುದು ಅದರಿಂದ ಸಾಬೀತಾಗುವುದಿಲ್ಲ.

ಇನ್ನು ಓಡಾಟದ ಲೆಕ್ಕ. ಸೆರ್ಜಿಯೊ ಲೊಬೆರಾ ಗೋವಾದಿಂದ ಮುಂಬೈಗೆ, ಆಮೇಲೆ ಒಡಿಶಾಕ್ಕೆ ಹೋದರೆ ಬೇಡಿಕೆ ಇರುವ ಕೋಚ್. ಬೆಂಗಳೂರು ಎಫ್‌ಸಿಗೆ ಐಎಸ್‌ಎಲ್ ಗೆದ್ದುಕೊಟ್ಟ ಕಾರ್ಲ್ಸ್ ಕ್ವಾದ್ರಾತ್ ಮುಂದೆ ಈಸ್ಟ್ ಬೆಂಗಾಲ್‌ಗೆ ಬಂದರೆ ಭಾರತವನ್ನು ಬಲ್ಲ ಅನುಭವಿ. ಮನೋಲೊ ಮಾರ್ಕೆಜ್ ವಿಷಯವಂತೂ ಇನ್ನೂ ಸ್ವಾರಸ್ಯ: 2024-25ರಲ್ಲಿ ಅವರು ಏಕಕಾಲಕ್ಕೆ ಎಫ್‌ಸಿ ಗೋವಾಕ್ಕೂ ಕೋಚ್, ಭಾರತ ತಂಡಕ್ಕೂ ಕೋಚ್. ಎರಡು ದೋಣಿಯ ಮೇಲೆ ಕಾಲಿಟ್ಟವರನ್ನು ಫೆಡರೇಶನ್ನೇ ಮೆರೆಸಿತು. ಎಂಟು ಪಂದ್ಯಗಳಲ್ಲಿ ಭಾರತ ಗೆದ್ದದ್ದು ಒಂದು. ನಿಷ್ಠೆಯ ಪ್ರಶ್ನೆ ಅಲ್ಲಿ ಎದ್ದ ನೆನಪು ನನಗಿಲ್ಲ. ಭವಾನಿಪುರದಿಂದ ಸ್ಟೂಡೆಂಟ್ಸ್ ಯೂನಿಯನ್‌ಗೆ ಬಂದವನಿಗೆ ಮಾತ್ರ ಅದು ಏಳುತ್ತದೆ.

ಪ್ರಪಂಚದ ಕಡೆ ತಿರುಗಿದರೂ ತೀರ್ಪು ನಿಲ್ಲುವುದಿಲ್ಲ. ಕ್ಲಾಡಿಯೊ ರನಿಯೇರಿ ಇಟಲಿ, ಸ್ಪೇನ್, ಇಂಗ್ಲೆಂಡ್, ಫ್ರಾನ್ಸ್ ಸುತ್ತಿ ಹತ್ತಕ್ಕೂ ಹೆಚ್ಚು ಕ್ಲಬ್ ಕಂಡವರು. 2014ರಲ್ಲಿ ಅವರು ಕೋಚ್ ಆಗಿದ್ದ ಗ್ರೀಸ್, ಪುಟಾಣಿ ಫೆರೋ ದ್ವೀಪಗಳ ತಂಡಕ್ಕೆ ಸೋತಿತು, ಅವರ ಕೆಲಸ ಹೋಯಿತು. ಇನ್ನು ಮುಗಿಯಿತು ಎಂದರು. 2016ರ ಮೇ ತಿಂಗಳಲ್ಲಿ ಅದೇ ಮನುಷ್ಯ ಲೆಸ್ಟರ್ ಸಿಟಿಗೆ ಇಂಗ್ಲಿಷ್ ಲೀಗ್ ಗೆದ್ದುಕೊಟ್ಟರು. ಒಂಬತ್ತು ತಿಂಗಳಲ್ಲಿ ಆ ಲೆಸ್ಟರ್ ಕೂಡ ಅವರನ್ನು ಮನೆಗೆ ಕಳಿಸಿತು. ನಿಲ್ಲದವರು ಯಾರು, ಹೇಳಿ?

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಖಾಲಿದ್ ಜಮೀಲ್ ಅವರನ್ನು ನೋಡಿ, ಅವರೂ ಮಿಡ್‌ಫೀಲ್ಡರ್ ಆಗಿದ್ದು ಕೋಚ್ ಆದವರು. 2009ರಿಂದ 2016ರವರೆಗೆ ಏಳು ವರ್ಷ ಒಂದೇ ಕಡೆ, ಮುಂಬೈ ಎಫ್‌ಸಿಯಲ್ಲಿ. ನಮ್ಮ ಪಂಡಿತರ ಲೆಕ್ಕದಲ್ಲಿ ಆದರ್ಶ ಪುರುಷ! ಸಣ್ಣ ಬಜೆಟ್ಟಿನ ಆ ತಂಡವನ್ನು ವರ್ಷವೂ ತೇಲಿಸುತ್ತಿದ್ದರು, ಲೀಗ್ ಪ್ರಶಸ್ತಿ ಮಾತ್ರ ಬರಲಿಲ್ಲ. ಕ್ಲಬ್ ಅವರನ್ನು ಕಳಿಸಿಬಿಟ್ಟಿತು. ಅವರು ಮಿಜೋರಾಮಿನ ಐಜಾಲ್‌ಗೆ ಹೋದರು. ಹಿಂದಿನ ವರ್ಷ ಕೆಳಗಿಳಿದು, ಬೇರೆ ಕ್ಲಬ್ಬುಗಳು ಲೀಗ್ ಬಿಟ್ಟದ್ದರಿಂದ ಮಾತ್ರ ಮತ್ತೆ ಒಳಗೆ ಬಂದ ತಂಡ ಅದು. 2017ರ ಏಪ್ರಿಲ್ 30ರಂದು ಶಿಲ್ಲಾಂಗಿನಲ್ಲಿ 1-1 ಡ್ರಾ ಮಾಡಿಕೊಂಡು, ಮೋಹನ್ ಬಾಗಾನನ್ನು ಹಿಂದಿಕ್ಕಿ ಐಜಾಲ್ ದೇಶದ ಚಾಂಪಿಯನ್ ಆಯಿತು. ಅದೇ ವರ್ಷ ಮುಂಬೈ ಎಫ್‌ಸಿ ಕೊನೆಯ ಸ್ಥಾನಕ್ಕೆ ಬಿದ್ದು ಲೀಗಿನಿಂದ ಇಳಿಯಿತು. ಖಾಲಿದ್ ಐಜಾಲ್‌ನಲ್ಲೂ ನಿಲ್ಲಲಿಲ್ಲ: ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ನಾರ್ತ್‌ಈಸ್ಟ್ ಯುನೈಟೆಡ್, ಎಫ್‌ಸಿ ಬೆಂಗಳೂರು ಯುನೈಟೆಡ್, ಜಮ್‌ಶೆಡ್‌ಪುರ. 2021ರಲ್ಲಿ ನಾರ್ತ್‌ಈಸ್ಟ್ ಅವರನ್ನು ಪೂರ್ಣಾವಧಿ ಮುಖ್ಯ ಕೋಚ್ ಮಾಡಿದಾಗ, ಐಎಸ್‌ಎಲ್ ಇತಿಹಾಸದಲ್ಲಿ ಆ ಕುರ್ಚಿ ಕಂಡ ಮೊದಲ ಭಾರತೀಯ ಅವರೇ. ಲೀಗ್ ಹುಟ್ಟಿ ಏಳು ವರ್ಷವಾಗಿತ್ತು. 2025ರ ಆಗಸ್ಟ್‌ನಲ್ಲಿ ಭಾರತ ತಂಡವೇ ಅವರ ಕೈಗೆ ಬಂತು. ಅಲ್ಲಿಯವರೆಗೆ ಚಂಚಲತೆಗೆ ಸಾಕ್ಷಿಯಾಗಿದ್ದ ಅದೇ ಪಟ್ಟಿ ರಾತ್ರೋರಾತ್ರಿ ಅಪಾರ ಅನುಭವದ ಪಟ್ಟಿಯಾಯಿತು. ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರಕ್ಕೆ 1-2ರಿಂದ ಸೋತದ್ದೇ ತಡ, ಮತ್ತೆ ಹಳೆಯ ರಾಗ.

ಹಾಗೆಂದು ಕ್ಲಬ್ ಬಿಟ್ಟವರೆಲ್ಲ ಸಾಧುಗಳು ಎಂಬುದು ನನ್ನ ವಾದವಲ್ಲ. ನಡು ಋತುವಿನಲ್ಲಿ ತಂಡ ಮುಳುಗುತ್ತಿರುವಾಗ ಹೆಚ್ಚು ಹಣಕ್ಕಾಗಿ ಇನ್ನೊಂದು ಕಡೆ ಹಾರಿದವರು ಇದ್ದಾರೆ. ಅವರನ್ನು ಬೈಯಿರಿ, ನಾನೂ ಜತೆಗೆ ಬೈಯುತ್ತೇನೆ. ಒಬ್ಬನೇ ಕೋಚ್ ನಾಲ್ಕಾರು ವರ್ಷ ಇದ್ದರೆ ಹುಡುಗರು ಪಳಗುವುದು ಸುಲಭ, ಅದೂ ನಿಜ. ಆದರೆ ಅದು ಬೇಕಿದ್ದರೆ ಕೇಳಬೇಕಾದ್ದು ಕ್ಲಬ್ಬನ್ನು: ಕರಾರು ಎಷ್ಟು ವರ್ಷದ್ದು, ಸಂಬಳ ಯಾವಾಗ ಬಂತು, ಹುಡುಗರ ತಂಡಕ್ಕೆ ಮೈದಾನ ಇದೆಯೇ. ಈ ಮೂರು ಪ್ರಶ್ನೆ ಕೇಳದೆ ಕೋಚ್‌ನ ಗುಣವಿಮರ್ಶೆಗೆ ಇಳಿಯುವವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಲೀಕರ ವಕೀಲರು.

ಇನ್ನೊಂದು ವಿಷಯವನ್ನು ಈ ತೀರ್ಪು ನೋಡಲೇ ಒಪ್ಪುವುದಿಲ್ಲ. ಕ್ಲಬ್ಬುಗಳು ಹುಟ್ಟಿ ಸಾಯುವ ದೇಶದಲ್ಲಿ ಆಟದ ತಿಳಿವಳಿಕೆ ಉಳಿಯುವುದು ಎಲ್ಲಿ? ಕಟ್ಟಡದಲ್ಲಂತೂ ಅಲ್ಲ, ಕಡತದಲ್ಲೂ ಅಲ್ಲ. ಚೆಂಡು ಬರುವ ಮೊದಲೇ ತಲೆ ಎತ್ತಿ ನೋಡಬೇಕು, ಒತ್ತಡದಲ್ಲಿ ಯಾವ ಕಾಲಿನಿಂದ ತಿರುಗಬೇಕು ಎಂಬುದನ್ನು ಜಮ್‌ಶೆಡ್‌ಪುರದಲ್ಲಿ ಕಲಿತವನು ಶಿಲ್ಲಾಂಗಿನ ಮಳೆಯಲ್ಲಿ ಖಾಸಿ ಹುಡುಗರಿಗೆ, ಮುಂದೆ ದೆಹಲಿಯ ಹುಡುಗರಿಗೆ, ಕೋಯಿಕ್ಕೋಡಿನ ಹುಡುಗರಿಗೆ ಹೇಳಿಕೊಡಬೇಕಾದರೆ ಅವನೇ ಹೋಗಬೇಕು. ಭಾಷೆ ಬೇರೆ, ಊಟ ಬೇರೆ, ನೆಲ ಬೇರೆ. ಪ್ರತಿ ಸಲವೂ ಹೆಸರುಗಳನ್ನು ಮೊದಲಿನಿಂದ ಕಲಿಯಬೇಕು. ಇಂಥ ಕೆಲಸಕ್ಕೆ ಕಪ್ ಸಿಗುವುದಿಲ್ಲ. ಎರಡನೇ ದರ್ಜೆಯ ಲೀಗಿನ ಪಂದ್ಯ ಟೀವಿಯಲ್ಲಿ ಬರುವುದೂ ಅಪರೂಪ. ಟೀವಿಯಲ್ಲಿ ಕಾಣದ್ದು ನಡೆದೇ ಇಲ್ಲ ಎಂದುಕೊಳ್ಳುವವರಿಗೆ ಚಾಪ್‌ಮನ್ ಅವರ ಹದಿನೆಂಟು ವರ್ಷ ಖಾಲಿಯಾಗಿ ಕಂಡರೆ ಆಶ್ಚರ್ಯವಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಾಗ, ನಮ್ಮಲ್ಲಿ ಎಷ್ಟು ಜನಕ್ಕೆ ಆ ತಂಡದ ಕೋಚ್ ರವಿ ಬಾಬು ರಾಜು ಎಂಬ ಹೆಸರು ಗೊತ್ತಿತ್ತು? ಸ್ಪೇನಿನ ಕೋಚ್‌ಗಳ ಹೆಸರನ್ನಾದರೆ ಹತ್ತನೇ ತರಗತಿಯ ಹುಡುಗರೂ ಪಟಪಟ ಹೇಳುತ್ತಾರೆ.

2025ರ ಜುಲೈಯಲ್ಲಿ, ಆಗ ಐಎಸ್‌ಎಲ್ ನಡೆಸುತ್ತಿದ್ದ ಕಂಪನಿ, ಫೆಡರೇಶನ್ ಜತೆಗಿನ ಒಪ್ಪಂದ ಇತ್ಯರ್ಥವಾಗಿಲ್ಲವೆಂದು ಹೊಸ ಋತುವನ್ನೇ ತಡೆಹಿಡಿಯಿತು. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರಿಗೂ ಸಿಬ್ಬಂದಿಗೂ ಸಂಬಳ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಅದು ಎರಡು ಸಲ ಐ-ಲೀಗ್ ಗೆದ್ದ, ಐಎಸ್‌ಎಲ್ ಗೆದ್ದ, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ, ದೇಶದಲ್ಲಿ ಅಚ್ಚುಕಟ್ಟಾಗಿ ನಡೆಯುವ ಕ್ಲಬ್ ಎಂದು ಎಲ್ಲರೂ ಬೊಟ್ಟು ಮಾಡಿ ತೋರಿಸುತ್ತಿದ್ದ ಕ್ಲಬ್. ಆ ತಿಂಗಳು ಬೇರೆ ಊರಿನಲ್ಲಿ, ಬೇರೆ ದೇಶದಲ್ಲಿ ಕೆಲಸ ಹುಡುಕಿದ ಕೋಚ್‌ಗೆ ನಿಷ್ಠೆ ಇಲ್ಲ ಎನ್ನುವ ಬಾಯಿ, ಅವನ ಮನೆಬಾಡಿಗೆಯನ್ನೂ ಮಕ್ಕಳ ಶಾಲೆ ಫೀಸನ್ನೂ ಸೆಪ್ಟೆಂಬರ್‌ನಲ್ಲಿ ಯಾರು ಕಟ್ಟಬೇಕಿತ್ತು ಎಂಬುದನ್ನೂ ಹೇಳಲಿ.